ನೆಟ್ಟವರೇ ಕೀಳಬೇಕು

ಹೊಂಗೆಪಾಳ್ಯದ ಪಂಚಾಯ್ತಿಯಲ್ಲಿ ಗಿರಿಜಾಂಬಿಕಾಗೆ ಒಂದು ಕುರ್ಚಿ ಇತ್ತು, ಮಾತು ಇರಲಿಲ್ಲ. ಹೆಂಗಸರಿಗೆಂದು ಮೀಸಲಿಟ್ಟ ಜಾಗಕ್ಕೆ ಯಾರಾದರೂ ಒಬ್ಬರು ಬೇಕಲ್ಲ! ಕೊಬ್ಬರಿ ವ್ಯಾಪಾರದ ವೀರಭದ್ರಯ್ಯನ ಹೆಂಡತಿಯಾದರೆ ತಿಪಟೂರಿನಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದ್ದಾಳೆ, ದುಂಡಗೆ ಸಹಿ ಹಾಕುತ್ತಾಳೆ, ಎದುರು ಮಾತಾಡುವ ಪೈಕಿಯಲ್ಲ ಎಂದು ಊರ ಗಂಡಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಅವಳನ್ನು ಅವಿರೋಧವಾಗಿ ಆರಿಸಿಬಿಟ್ಟಿದ್ದರು. ಮೀಟಿಂಗಿನಲ್ಲಿ ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂರುತ್ತಿದ್ದಳು. ಮೀಟಿಂಗಿಗೆ ಕಾಫಿ ಬರುತ್ತಿದ್ದುದೂ ಅವಳ ಮನೆಯಿಂದಲೇ. ಹೀಗಾಗಿ ಅವಳು ಮೆಂಬರೋ, ಕಾಫಿಯ ಜೊತೆಗೆ ಬಂದವಳೋ ಎಂಬುದು ಯಾರಿಗೂ ಅಷ್ಟು ಖಚಿತವಿರಲಿಲ್ಲ. ಅವಳಿಗೂ ಇರಲಿಲ್ಲ.

ಎಪ್ಪತ್ತಾರನೇ ಇಸವಿ. ಮನೆಯಿಲ್ಲದವರಿಗೆಲ್ಲ ಸರ್ಕಾರ ಸೈಟು ಹಂಚುತ್ತದೆ ಎಂದು ರೇಡಿಯೋ ದಿನಾ ಬೆಳಿಗ್ಗೆ ಹೇಳುತ್ತಿದ್ದ ಕಾಲ. ಹೊಂಗೆಪಾಳ್ಯಕ್ಕೂ ಆ ಭಾಗ್ಯ ಬಂತು. ಊರಿಗೂ ಕಿಬ್ಬನಹಳ್ಳಿ ರಸ್ತೆಗೂ ನಡುವೆ ಕಲ್ಲುಬಾರೆ ಎಂಬ ಗೋಮಾಳವಿತ್ತು, ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಹೆಸರಿಗೆ ತಕ್ಕಂತೆ ಕಲ್ಲೂ ಇತ್ತು. ಆದರೆ ಎತ್ತರದ ಜಾಗ, ಎಂಥ ಮಳೆ ಹೊಡೆದರೂ ನೀರು ನಿಲ್ಲುತ್ತಿರಲಿಲ್ಲ. ಕೈ ಅಡ್ಡ ಹಾಕಿದರೆ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಆ ಜಾಗದಲ್ಲಿ ಸೈಟು ಮಾಡುತ್ತೇವೆ, ಅದಕ್ಕೆ ಮೊದಲು ಸಾಹೇಬರು ಬಂದು ಊರವರನ್ನೆಲ್ಲ ಕೂರಿಸಿ ಅಭಿಪ್ರಾಯ ಕೇಳುತ್ತಾರೆ, ತಕರಾರಿಲ್ಲದಿದ್ದರೆ ಅಂದೇ ಗೂಟ ಹೊಡೆಯುತ್ತಾರೆ ಎಂದು ತಾಲ್ಲೂಕಿನಿಂದ ಹೇಳಿಕಳಿಸಿದ್ದರು.

ನಮ್ಮ ಕಡೆ ಮನೆಯಿಲ್ಲದವರು ಎಂದರೆ ಬೀದಿಯಲ್ಲಿ ಮಲಗುವವರಲ್ಲ. ತೋಟದವರ ಹಿತ್ತಿಲಲ್ಲಿ, ಕೊಟ್ಟಿಗೆಗೆ ತಾಗಿಸಿ ಇಳಿಸಿದ ಮಾಡಿನ ಕೆಳಗೆ, ತೆಂಗಿನ ಮಟ್ಟೆಯ ರಾಶಿಯ ಪಕ್ಕದಲ್ಲಿ ಇರುವವರು. ಅವರಿಗೆ ಗೋಡೆ ಇರುತ್ತದೆ, ಒಲೆ ಇರುತ್ತದೆ, ತಮ್ಮದು ಎನ್ನುವ ಹೊಸಿಲು ಮಾತ್ರ ಇರುವುದಿಲ್ಲ. ಅಂಥವರನ್ನು ಮನೆಯಿಲ್ಲದವರೆಂದು ಊರು ಎಂದೂ ತಿಳಿದಿರಲಿಲ್ಲ. ಸರ್ಕಾರ ಹಾಗೆ ತಿಳಿದದ್ದು ಕಂಡು ಊರ ದೊಡ್ಡವರಿಗೆ ಸ್ವಲ್ಪ ಸಿಟ್ಟೇ ಬಂತು.

ವೀರಭದ್ರಯ್ಯನ ಹಿತ್ತಿಲಲ್ಲಿ ಹಾಗೆ ಇದ್ದವರು ಕೆಂಚಪ್ಪ ಮತ್ತು ಅವನ ಹೆಂಡತಿ ಗಂಗಕ್ಕ. ಕೆಂಚಪ್ಪ ಕಾಯಿ ಸುಲಿಯುತ್ತಿದ್ದ. ಅಟ್ಟದ ಮೇಲೆ ವರ್ಷವೊಂದು ಕೂತು ಒಳಗೇ ಒಣಗಿ ಕೊಬ್ಬರಿಯಾದ ಕಾಯನ್ನು ಇಳಿಸಿದ ಮೇಲೆ ಚಿಪ್ಪು ಒಡೆದು, ಕೊಬ್ಬರಿ ಸೀಳದಂತೆ ಇಡಿಯಾಗಿ ತೆಗೆಯುವುದು ಗಂಗಕ್ಕನ ಕೆಲಸ. ಇಷ್ಟು ಹೇಳಿದರೆ ಗಂಗಕ್ಕನ ವಿಷಯ ಹೇಳಿದಂತಾಗಲಿಲ್ಲ. ಗಿರಿಜಾಂಬಿಕಾ ಮದುವೆಯಾಗಿ ಆ ಮನೆಗೆ ಬಂದಾಗ ಅತ್ತೆ ಇರಲಿಲ್ಲ, ನಾದಿನಿಯರಿರಲಿಲ್ಲ. ಗಂಡನೋ ಕೊಬ್ಬರಿ ಮಂಡಿಯಲ್ಲೇ ಬೆಳೆದವನು. ಇದ್ದವಳು ಹಿತ್ತಿಲ ಗಂಗಕ್ಕ ಒಬ್ಬಳೇ. ತವರಿನ ದಾರಿ ನೋಡುತ್ತಾ ಕೂತಿದ್ದ ಹುಡುಗಿಯನ್ನು ಎಬ್ಬಿಸಿ ತಲೆಗೆ ಎಣ್ಣೆ ಒತ್ತಿದವಳು ಅವಳು. ತವರಿನಲ್ಲಿ ತಾಯಿ ತೀರಿಕೊಂಡ ಮೇಲೆ ಗಿರಿಜಾಂಬಿಕಾಳ ಎರಡನೇ ಬಾಣಂತನ, ಮೂರನೇ ಬಾಣಂತನ ಎರಡನ್ನೂ ಮಾಡಿದವಳು ಅವಳು. ಬೆಳಿಗ್ಗೆ ಹಿಂಬಾಗಿಲು ತೆಗೆದ ಕೂಡಲೇ "ಎದ್ರಾ ಅಮ್ಮಾರೇ?" ಎನ್ನುವ ದನಿ ಕೇಳಿಸದಿದ್ದರೆ ಗಿರಿಜಾಂಬಿಕಾಗೆ ಆ ದಿನ ಕೈಕಾಲು ಆಡುತ್ತಿರಲಿಲ್ಲ.

ಸೈಟಿನ ಸುದ್ದಿಯನ್ನು ಗಿರಿಜಾಂಬಿಕಾಗೆ ಮೊದಲು ಹೇಳಿದವಳೂ ಗಂಗಕ್ಕನೇ. ಆವತ್ತು ಚಿಪ್ಪು ಒಡೆಯುತ್ತಾ ಕೂತವಳು ತಲೆಯೆತ್ತಿ ನಕ್ಕಳು.

"ಅಮ್ಮಾರೇ, ಕಲ್ಲುಬಾರೇಲಿ ನಮ್ಗೂ ಒಂದು ಸೈಟು ಕೊಡ್ತಾರಂತೆ ಕಣ್ರೀ. ನಮ್ಮೆಜಮಾನ್ರು ಹೆಸ್ರು ಬರೆಸವ್ರೆ."

"ಹೌದಾ? ಒಳ್ಳೇದಾಯ್ತು ಬಿಡು."

"ಇನ್ನೇನು ಬೇಡಿ, ನಾಲ್ಕು ಗಳ ನಿಲ್ಸಿ ಗರಿ ಹೊದ್ಸಿದ್ರೆ ಸಾಕು. ಗೌರಿಗೆ ಈಗ ಮೂರು ತಿಂಗ್ಳು. ಅವ್ರತ್ತೆ ಏನಂದ್ಲು ಗೊತ್ತಾ? ನಿಮ್ಮವ್ವ ಇರೋದೇ ಇನ್ನೊಬ್ರ ಹಿತ್ಲಾಗೆ, ಅಲ್ಲಿ ಬಾಣಂತನ ಎಂಗೆ ಮಾಡ್ತಾಳೆ, ನೀನು ಇಲ್ಲೇ ಇರು ಅಂದ್ಲಂತೆ. ಚೊಚ್ಚಲು ಬಸುರಿ ಕಣ್ರೀ ಅಮ್ಮಾರೇ. ತಾಯಿ ಮನೆಗೆ ಬರಬೇಕು ಅಂತ ಅದ್ಕೂ ಆಸೆ ಇರಾಕಿಲ್ವಾ?"

ಗೌರಿ ಎಂದರೆ ಪುಟ್ಟಗೌರಮ್ಮ, ಗಂಗಕ್ಕನ ಒಬ್ಬಳೇ ಮಗಳು. ಶೆಟ್ಟಿಕೆರೆಗೆ ಕೊಟ್ಟಿದ್ದರು. ಅವಳು ಹುಟ್ಟಿದ್ದೂ ಇದೇ ಮಾಡಿನ ಕೆಳಗೆ. ಆದರೆ ಹೆರಿಗೆಗೆಂದು ಮಗಳನ್ನು ಕರೆಯುವಾಗ ಯಾರದೋ ಹಿತ್ತಿಲಿಗೆ ಕರೆಯುವುದು ಬೇರೆ, ತನ್ನ ಮನೆಗೆ ಕರೆಯುವುದು ಬೇರೆ. ಗಂಗಕ್ಕನಿಗೆ ಬೇಕಾಗಿದ್ದುದು ಅಷ್ಟೇ. ಅದನ್ನು ಕೇಳಿದಾಗ ಗಿರಿಜಾಂಬಿಕಾ "ಇಲ್ಲಿಗೇ ಕರ್ಕೊಂಡು ಬಾ, ನಾನಿಲ್ವಾ?" ಎನ್ನಬಹುದಿತ್ತು. ಬಾಯಿಗೆ ಬಂತು. ಆದರೆ ವೀರಭದ್ರಯ್ಯ ಏನೆನ್ನುತ್ತಾನೋ, ಮನೆಯ ಹಿಂದೆಯೇ ಸೂತಕ, ಮಡಿ ಎಂದು ನೂರೆಂಟು ಯೋಚಿಸಿ ಸುಮ್ಮನಾದಳು. ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತರೆ ಅವಳಿಗೆ ಒಂದೇ ಯೋಚನೆ: ಗಂಗಕ್ಕ ಹೋಗಿಬಿಡುತ್ತಾಳೆ. ಬೆಳಿಗ್ಗೆ ಹಿಂಬಾಗಿಲು ತೆಗೆದರೆ ಅಲ್ಲಿ ಮಟ್ಟೆಯ ರಾಶಿ ಇರುತ್ತದೆ, ಗಂಗಕ್ಕ ಇರುವುದಿಲ್ಲ.

ಪಂಚಾಯ್ತಿಯ ಮೀಟಿಂಗು ಸೇರಿತು. ಚೇರ್ಮನ್ ದೊಡ್ಡಣ್ಣನ ಮುಖ ಹುಳಿ ಕುಡಿದವನಂತಾಗಿತ್ತು. ಅವನ ಹಿತ್ತಿಲಲ್ಲೂ ಇಂಥ ಸಂಸಾರಗಳಿದ್ದವು. ಅವರೆಲ್ಲ ರಸ್ತೆಯ ಪಕ್ಕಕ್ಕೆ ಹೋಗಿ ಕೂತರೆ ಕೂಗಿದಾಗ ಓಡಿಬರುವವರು ಯಾರು? ಆದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದನಗಳ ಗತಿ ಏನು, ಸುಗ್ಗಿಯಲ್ಲಿ ಕಣ ಎಲ್ಲಿ ಮಾಡುವುದು, ರಸ್ತೆಯಿಂದ ಬರುವ ನೆಂಟರಿಗೆ ಮೊದಲು ಗುಡಿಸಲೇ ಕಂಡರೆ ಊರಿನ ಮರ್ಯಾದೆ ಏನಾಗಬೇಕು ಎಂದು ಒಬ್ಬೊಬ್ಬರೂ ಒಂದೊಂದು ಹಾಡು ಹಾಡಿದರು. ತಕರಾರು ಬರೆದುಕೊಡೋಣವೆಂದರೆ ಎಲ್ಲರಿಗೂ ಒಳಗೊಳಗೇ ಹೆದರಿಕೆ. ಕಾಲ ಹಾಗಿತ್ತು. ಸರ್ಕಾರದ ಕೆಲಸಕ್ಕೆ ಅಡ್ಡ ಬಂದವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿತ್ತು.

"ಬ್ಯಾಡ ಅನ್ನಂಗಿಲ್ಲ, ಬೇಕು ಅನ್ನಕ್ಕೆ ಮನ್ಸಿಲ್ಲ. ಏನ್ ಮಾಡಾನ ಹೇಳಿ" ಎಂದು ದೊಡ್ಡಣ್ಣ ಕೈಚೆಲ್ಲಿದ.

ಆಗ ಬಾಗಿಲ ಪಕ್ಕದ ಕುರ್ಚಿಯಿಂದ ಸಣ್ಣ ದನಿಯೊಂದು ಬಂತು. "ಅಲ್ಲಿ ತೆಂಗಿನ ಸಸಿ ಇದ್ರೆ ಸೈಟು ಹೆಂಗೆ ಮಾಡ್ತಾರೆ?"

ಗಂಡಸರೆಲ್ಲ ತಿರುಗಿ ನೋಡಿದರು. ಕಾಫಿ ಲೋಟ ಮಾತಾಡಿದ್ದರೂ ಅವರಿಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಗಿರಿಜಾಂಬಿಕಾ ನೆಲ ನೋಡುತ್ತಲೇ ಮಾತು ಮುಗಿಸಿದಳು. "ಊರ ತೋಟ ಅಂತ ಮನೆಗೆ ಇಷ್ಟು ಸಸಿ ನೆಟ್ರಾಯ್ತು. ಸಾಹೇಬ್ರು ಬರೋ ಹೊತ್ಗೆ ಸುಳಿ ಬಂದಿರ್ತದೆ. ಸುಳಿ ಬಂದಿರೋ ತೆಂಗನ್ನ ಯಾರು ಕೀಳ್ತಾರೆ?"

ದೊಡ್ಡಣ್ಣ ತೊಡೆ ತಟ್ಟಿಕೊಂಡು ನಕ್ಕ. "ಅಲೆಲೆಲೇ! ಮೆಂಬರಮ್ಮಾರೇ! ಇಷ್ಟು ದಿನ ಎಲ್ಲಿ ಮಡಗಿದ್ರಿ ಈ ಬುದ್ಧೀನ?" ಎಂದ. ಎಲ್ಲರೂ ನಕ್ಕರು. ತಕರಾರು ಬರೆಯುವ ಹಾಗಿಲ್ಲ, ಬೇಡ ಎನ್ನುವ ಹಾಗಿಲ್ಲ, ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ತೆಂಗು ನಿಂತಿರುತ್ತದೆ, ಅಷ್ಟೇ. ನಮ್ಮ ಕಡೆ ಬೇರು ಕಚ್ಚಿದ ತೆಂಗಿನ ಸಸಿಯನ್ನು ಕೀಳುವುದೆಂದರೆ ತೊಟ್ಟಿಲ ಕೂಸಿಗೆ ಕೈ ಹಾಕಿದ ಹಾಗೆ. ಕುಡಿದು ಬಿದ್ದವನೂ ಆ ಕೆಲಸಕ್ಕೆ ಹೋಗುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಗಿರಿಜಾಂಬಿಕಾಳ ಕಾಲು ನೆಲದ ಮೇಲಿರಲಿಲ್ಲ. ಮೆಂಬರಮ್ಮಾರೇ ಎಂದು ಕರೆದಿದ್ದರು! ರಾತ್ರಿ ಊಟಕ್ಕೆ ಕೂತಾಗ ವೀರಭದ್ರಯ್ಯ ಕೂಡ "ಏನೋ ಮಾತಾಡಿದ್ಯಂತೆ?" ಎಂದು ಕೇಳಿ, ಅವಳ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ನೋಟ ಅದೇ ಮೊದಲು. ಹಿಂಬಾಗಿಲಾಚೆ ಗಂಗಕ್ಕ ಒಲೆ ಊದುತ್ತಿರುವುದು ಕೇಳಿಸುತ್ತಿತ್ತು. ಗಿರಿಜಾಂಬಿಕಾ ಎದ್ದುಹೋಗಿ ಬಾಗಿಲು ಮುಂದೆ ಮಾಡಿದಳು. ಹೊಗೆ ಬರುತ್ತದೆ ಎಂದು ಗಂಡನಿಗೆ ಹೇಳಿದಳು.

ಮುಂಗಾರಿನ ಮೊದಲ ಹದ ಬಿದ್ದ ಕೂಡಲೇ ನಾಟಿ ಶುರುವಾಯಿತು. ಹೊಂಗೆಪಾಳ್ಯದವರು ಒಂದಾಗಿ ಒಂದು ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಕೆರೆ ಹೂಳೆತ್ತಲು ಕರೆದರೆ ಸೊಂಟ ನೋವು, ಶಾಲೆಯ ಗೋಡೆ ಎತ್ತಲು ಕರೆದರೆ ಮದುವೆ ಕೆಲಸ. ಇದಕ್ಕೆ ಮಾತ್ರ ಮನೆಮನೆಯಿಂದ ಬಂದರು, ಸಸಿ ಮಡಿಯಲ್ಲಿ ಬೆಳೆಸಿದ್ದ ಒಳ್ಳೊಳ್ಳೆಯ ಸಸಿಗಳನ್ನೇ ತಂದರು. ಗುಂಡಿ ತೋಡುವುದಕ್ಕೆ ಮಾತ್ರ ಹಿತ್ತಿಲವರನ್ನು ಕರೆದರು. ಆ ಜಾಗಕ್ಕೆ ಹೆಸರು ಬರೆಸಿದವರೇ ಅಲ್ಲಿ ಗುಂಡಿ ತೋಡಿದರು.

ಗಂಗಕ್ಕನಿಗೆ ಅನುಮಾನ ಬರದೇ ಇರಲಿಲ್ಲ. ಹಿಂದಿನ ದಿನ ಗುದ್ದಲಿಗೆ ಕಾವು ಹಾಕುತ್ತಿದ್ದ ಗಂಡನನ್ನು ನೋಡಿ, ನೇರ ಗಿರಿಜಾಂಬಿಕಾಳ ಹತ್ತಿರ ಬಂದಿದ್ದಳು.

"ಅಮ್ಮಾರೇ, ಅಲ್ಲೇ ಅಲ್ವಾ ಸೈಟು ಅಂದಿದ್ದು? ಅಲ್ಲಿ ತೋಟ ಹಾಕ್ಬುಟ್ರೆ ನಮ್ಗೆ?"

ಗಿರಿಜಾಂಬಿಕಾ ಅವಳ ಮುಖ ನೋಡದೆ, ಒನಕೆಯ ಮೇಲಿನ ಹಿಟ್ಟು ಒರೆಸುತ್ತಾ ಹೇಳಿದಳು. "ನಿಮ್ಗೆ ಬೇರೆ ಕಡೆ ಕೊಡ್ತಾರೆ ಗಂಗಕ್ಕ. ಇದಕ್ಕಿಂತ ಒಳ್ಳೇ ಜಾಗ. ಮೀಟಿಂಗಲ್ಲಿ ಮಾತಾಯ್ತು."

"ನೀವು ಹೇಳಿದ್ಮೇಲೆ ಮುಗೀತು ಬುಡಿ" ಎಂದು ಗಂಗಕ್ಕ ಹೊರಟೇಹೋದಳು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಗಿರಿಜಾಂಬಿಕಾ ಸಿಕ್ಕಿಬೀಳುತ್ತಿದ್ದಳು. ಕೇಳಲಿಲ್ಲ. ಅಷ್ಟು ನಂಬಿದವಳಿಗೆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ಅವಳಿಗೇ ದಿಗಿಲಾಯಿತು.

ಮೊದಲ ಸಸಿಯನ್ನು ಮುತ್ತೈದೆ ನೆಡಬೇಕು, ಅದರಲ್ಲೂ ಮೆಂಬರಮ್ಮಾರೇ ನೆಡಬೇಕು ಎಂದು ದೊಡ್ಡಣ್ಣ ಹಟ ಹಿಡಿದ. ರಸ್ತೆಗೆ ಹತ್ತಿರದ ಮೊದಲ ಗುಂಡಿ. ಅದನ್ನು ತೋಡಿದವಳು ಗಂಗಕ್ಕ. ಕಲ್ಲು ಬಂದಿತೆಂದು ಹಾರೆಯಲ್ಲಿ ಮೀಟಿ ತೆಗೆದು, ಕೆಳಗಿನ ಮಣ್ಣನ್ನು ಬೆರಳಲ್ಲೇ ಪುಡಿ ಮಾಡಿ ಹಾಕಿದ್ದಳು. ಗಿರಿಜಾಂಬಿಕಾ ಸಸಿಯನ್ನು ಇಳಿಸಿ, ಮಣ್ಣು ಎಳೆದು, ಅರಿಶಿನ ಕುಂಕುಮ ಇಟ್ಟಳು. ಗಂಡಸರೆಲ್ಲ ಶಿವಶಿವಾ ಎಂದರು. "ನಿಮ್ ಕೈ ಗುಣ ಒಳ್ಳೇದು ಅಮ್ಮಾರೇ, ಬಂದೇ ಬತ್ತದೆ" ಎಂದಳು ಗಂಗಕ್ಕ, ಕೆನ್ನೆಯ ಮೇಲಿನ ಮಣ್ಣು ಒರೆಸಿಕೊಳ್ಳುತ್ತಾ.

ಅಂದಿನಿಂದ ಗಿರಿಜಾಂಬಿಕಾ ಗಂಗಕ್ಕನ ಮೇಲೆ ಇಲ್ಲದ ಪ್ರೀತಿ ಸುರಿಯತೊಡಗಿದಳು. ಒಬ್ಬಟ್ಟು ಮಾಡಿದರೆ ಮೊದಲು ಅವಳಿಗೆ, ಹಳೆಯದಾಗಿಲ್ಲದ ಸೀರೆಯೂ ಅವಳಿಗೆ. ಗಂಗಕ್ಕ ಸೆರಗಲ್ಲಿ ಮುಚ್ಚಿಕೊಂಡು ತೆಗೆದುಕೊಂಡು ಹೋಗುವಳು. ಮಗಳ ಸುದ್ದಿ ಹೇಳುವಳು. ಶೆಟ್ಟಿಕೆರೆಯ ಬೀಗಿತ್ತಿಗೆ ಸೈಟಿನ ವಿಷಯ ತಿಳಿಸಿದ್ದಾಳಂತೆ. ಏಳನೇ ತಿಂಗಳಲ್ಲಿ ಕಳಿಸುತ್ತೇನೆ ಎಂದು ಅವಳೂ ಒಪ್ಪಿದ್ದಾಳಂತೆ. ಇದನ್ನು ಕೇಳಿದ ದಿನ ಗಿರಿಜಾಂಬಿಕಾಗೆ ಮಾಡಿದ ಅಡಿಗೆ ಸೇರಲಿಲ್ಲ. ಈಗಲಾದರೂ ಹೇಳಿಬಿಡೋಣ ಎಂದು ಹಿಂಬಾಗಿಲವರೆಗೆ ಹೋಗುವಳು, ಬೇರೇನೋ ಕೇಳಿ ವಾಪಸು ಬರುವಳು. ಹೇಳುವುದು ಒಂದೊಂದು ದಿನಕ್ಕೂ ಕಷ್ಟವಾಗುತ್ತಾ ಹೋಯಿತು.

ಮಳೆ ಕೈಕೊಡಲಿಲ್ಲ. ಕಲ್ಲುಬಾರೆಯ ಅಷ್ಟು ಸಸಿಗಳೂ ಬೇರು ಕಚ್ಚಿ, ನಡುವೆ ಹಳದಿ ಸುಳಿ ತೆಗೆದವು. ಅಷ್ಟರಲ್ಲಿ ಸಾಹೇಬರು ಬಂದರು.

ಅವರು ರಾಯಚೂರು ಕಡೆಯವರು, ಒಣಗಿದ ಮೈಯ, ನಿಧಾನದ ಮನುಷ್ಯ. ಕಲ್ಲುಬಾರೆಯ ಅಂಚಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಒಂದು ಕಡೆ ತೋಟದವರು, ಇನ್ನೊಂದು ಕಡೆ ಹೆಸರು ಬರೆಸಿದವರು. ಪಂಚಾಯ್ತಿ ಮೆಂಬರುಗಳ ಸಾಲಿನಲ್ಲಿ ಗಿರಿಜಾಂಬಿಕಾಗೆ ಈ ಸಲ ನಡುವಿನ ಕುರ್ಚಿ. ಸಾಹೇಬರು ಸಸಿಗಳ ಸಾಲನ್ನು ಒಮ್ಮೆ ನಡೆದು ನೋಡಿ ಬಂದು ಕೂತರು. ದೊಡ್ಡಣ್ಣ ಬೆಣ್ಣೆಯಂಥ ದನಿಯಲ್ಲಿ ಶುರುಮಾಡಿದ.

"ಊರ ತೋಟ ಸ್ವಾಮಿ. ದೇವ್ರ ಕಾರ್ಯಕ್ಕೆ ಅಂತ ಎಲ್ಲ ಸೇರಿ ಹಾಕಿರೋದು. ಸೈಟು ಕೊಡಬ್ಯಾಡಿ ಅಂತ ನಾವು ಹೇಳಕಿಲ್ಲ. ಆದ್ರೆ ತೆಂಗು ನಿಂತದೆ, ನೋಡಿ."

ಸಾಹೇಬರು ನಕ್ಕರು. ದಡ್ಡರೇನಲ್ಲ. "ಗೌಡ್ರೇ, ಮಣ್ಣಿನ್ನೂ ಹಸಿ ಇದೆ. ನನಗೆ ತೆಂಗು ಗೊತ್ತಿಲ್ಲದಿರಬಹುದು, ಮಣ್ಣು ಗೊತ್ತು" ಎಂದರು. ತೋಟದವರ ಕಡೆ ಯಾರೋ ಕೆಮ್ಮಿದರು. ಸಾಹೇಬರು ಜನರನ್ನೆಲ್ಲ ಉದ್ದೇಶಿಸಿ ಹೇಳಿದರು. "ನೋಡಿ, ಪೋಲೀಸರನ್ನು ಕರೆಸಿ ಸಸಿ ಕೀಳಿಸುವುದು ನನಗೂ ಇಷ್ಟವಿಲ್ಲ. ಊರವರ ಒಪ್ಪಿಗೆಯಿಂದ ಆಗಬೇಕು ಅಂತಲೇ ನಾನು ಇಲ್ಲಿ ಬಂದು ಕೂತಿರೋದು. ಇವು ಇನ್ನೂ ಸಣ್ಣ ಸಸಿ, ಕಿತ್ತು ಬೇರೆ ಕಡೆ ನೆಟ್ಟರೂ ಬದುಕುತ್ತವೆ. ಸೈಟು ಬೇಕಾದವರು ಈಗಲೇ ಕಿತ್ತು ಬದಿಗಿಡಿ. ಬೇಡ ಅನ್ನುವವರು ಎದ್ದುನಿಂತು ಬೇಡ ಅನ್ನಿ. ಸಸಿ ತೆಗೆದಾಗಿ, ಯಾರೂ ಬೇಡ ಅನ್ನದಿದ್ದರೆ ಇವತ್ತೇ ಗೂಟ ಹೊಡೆಸುತ್ತೇನೆ. ಇವತ್ತು ಆಗಲಿಲ್ಲ ಅಂದರೆ ಈ ಸೈಟುಗಳು ಬೇರೆ ಊರಿಗೆ ಹೋಗುತ್ತವೆ. ಇಲ್ಲಿಗೆ ಮತ್ತೆ ಯಾವಾಗ ಬರುತ್ತವೋ ನನಗೂ ಗೊತ್ತಿಲ್ಲ."

ಇದು ದೊಡ್ಡಣ್ಣ ನೆನೆಸಿರದ ಮಾತು. ಎದ್ದುನಿಂತು ಬೇಡ ಎನ್ನಲು ಅವನಿಗೂ ಧೈರ್ಯವಿಲ್ಲ, ಯಾರಿಗೂ ಇಲ್ಲ. ಇನ್ನೇನು, ಹೆಸರು ಬರೆಸಿದವರು ಹೋಗಿ ಕಿತ್ತರೆ ಮುಗಿಯಿತು. ಬೇರೆ ಯಾವ ಸೀಮೆಯಲ್ಲಾದರೂ ಹಾಗೆಯೇ ಆಗುತ್ತಿತ್ತು.

ಅವರು ಎದ್ದರು. ಕೆಂಚಪ್ಪ ಎದ್ದ, ಗಂಗಕ್ಕ ಎದ್ದಳು, ಮಿಕ್ಕವರೂ ಎದ್ದು ಸಸಿಗಳ ಕಡೆ ಹೋದರು. ಹೋಗಿ ನಿಂತರು. ಕೆಂಚಪ್ಪ ಬಗ್ಗಿ ಒಂದರ ಬುಡಕ್ಕೆ ಕೈ ಹಾಕಿದವನು ಸುಳಿ ನೋಡಿ ಕೈ ತೆಗೆದ. ಇನ್ನೊಬ್ಬ ತಲೆಯ ಟವಲು ತೆಗೆದು ಬೆವರು ಒರೆಸಿಕೊಂಡು ಹಿಂದೆ ಸರಿದ. ಹುಟ್ಟಿದಾಗಿನಿಂದ ತೆಂಗಿನ ಕೆಳಗೆ ಬದುಕಿದ ಜನ. ಒಂದು ಮರವೂ ತಮ್ಮದಲ್ಲ, ಆದರೂ ಆಗಲೊಲ್ಲದು. ಸಾಹೇಬರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಏನಾಯ್ತ್ರೀ?"

"ಸುಳಿ ಬಂದೈತೆ ಸ್ವಾಮಿ" ಎಂದ ಕೆಂಚಪ್ಪ, ಅಪರಾಧ ಮಾಡಿದವನ ಹಾಗೆ. "ಹೆತ್ತೋರು ಇನ್ಯಾರೋ. ನಾವೆಂಗೆ ಕೀಳಾದು?"

ತೋಟದವರ ಮುಖದಲ್ಲಿ ಜೀವ ಬಂತು. ದೊಡ್ಡಣ್ಣ ಮೆಂಬರಮ್ಮನ ಕಡೆ ತಿರುಗಿ ಮೀಸೆಯಲ್ಲೇ ನಕ್ಕ. ಆಗ ಗಂಗಕ್ಕ ಮೊದಲ ಸಸಿಯ ಹತ್ತಿರ ನಿಂತಿದ್ದವಳು ಸೆರಗು ಸಿಕ್ಕಿಸಿಕೊಂಡು ನೇರ ನಡೆದು ಬಂದಳು. ಅವಳ ಮುಖ ಬೆಳಗುತ್ತಿತ್ತು. ಕಗ್ಗಂಟಿನ ತುದಿ ಸಿಕ್ಕಿದವರ ಮುಖ ಹಾಗಿರುತ್ತದೆ.

"ಸ್ವಾಮಿ, ಕಂಡೋರು ಕಿತ್ರೆ ದೋಸ. ನೆಟ್ಟೋರು ಕಿತ್ರೆ ದೋಸ ಇಲ್ಲ, ಅವ್ರ ಮಗ, ಅವ್ರು ಎತ್ಕೊಂಡು ಹೋಗ್ತಾರೆ" ಎಂದು ಸಾಹೇಬರಿಗೆ ಹೇಳಿ, ಗಿರಿಜಾಂಬಿಕಾಳ ಮುಂದೆ ಬಂದು ನಿಂತಳು. "ಮೊದ್ಲು ನೆಟ್ಟಿದ್ದು ನೀವೇ ಅಲ್ವೇನ್ರಮ್ಮಾರೇ? ಬನ್ನಿ. ನೀವೊಂದು ಕಿತ್ಕೊಟ್ರೆ ಮಿಕ್ಕೋರೂ ಅವರವರದು ಕಿತ್ಕೋತಾರೆ. ಬೇರೆ ಕಡೆ ಜಾಗ ಅಂತಿದ್ರಿ, ಅದೇನೂ ಬ್ಯಾಡ ಬುಡಿ, ನಮ್ಗೆ ಇದೇ ಸಾಕು."

ಅವಳು ಕೈ ಚಾಚಿದ್ದಳು. ಬಾಣಂತನದಲ್ಲಿ ಬಚ್ಚಲಿಗೆ ಕರೆದೊಯ್ಯಲು ಚಾಚುತ್ತಿದ್ದ ಅದೇ ಕೈ. ಊರಿಗೆ ಊರೇ ಗಿರಿಜಾಂಬಿಕಾಳನ್ನು ನೋಡುತ್ತಿತ್ತು. ಸಾಹೇಬರು ಪೆನ್ನು ಕೆಳಗಿಟ್ಟು, "ಹೌದೇನಮ್ಮ? ನೀವು ನೆಟ್ಟಿದ್ದಾ? ನೀವು ಮೆಂಬರು ಬೇರೆ. ನೀವು ಶುರುಮಾಡಿದರೆ ಎಲ್ಲರಿಗೂ ದಾರಿಯಾಗುತ್ತದೆ" ಎಂದರು. ದನಿಯಲ್ಲಿ ಮರ್ಯಾದೆ ಇತ್ತು.

ಏಳಬೇಕು ಅಷ್ಟೇ. ನಾಲ್ಕು ಹೆಜ್ಜೆ ನಡೆದು, ಬುಡ ಅಲ್ಲಾಡಿಸಿ, ಮೇಲೆತ್ತಬೇಕು. ಗಂಗಕ್ಕನಿಗೆ ಮನೆಯಾಗುತ್ತದೆ, ಗೌರಿ ಬರುತ್ತಾಳೆ. ಗಿರಿಜಾಂಬಿಕಾಳ ಕಾಲು ಕುರ್ಚಿಗೆ ಕಚ್ಚಿಕೊಂಡಿತ್ತು. ಎದುರಿಗೆ ದೊಡ್ಡಣ್ಣ, ಅವನ ಪಕ್ಕದಲ್ಲಿ ಗಂಡ. ಅವರಿಗೆ ಹೆದರಿದೆ ಎಂದು ಆಮೇಲೆ ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಸುಳ್ಳು. ವೀರಭದ್ರಯ್ಯ ಆ ಹೊತ್ತಿನಲ್ಲಿ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದ, ಅವಳನ್ನು ನೋಡುತ್ತಲೂ ಇರಲಿಲ್ಲ. ಅವಳ ತಲೆಯಲ್ಲಿದ್ದುದು ಬೆಳಗಿನ ಹಿಂಬಾಗಿಲು. ತೆಗೆದರೆ ಆಚೆ ಯಾರೂ ಇಲ್ಲದ ಹಿಂಬಾಗಿಲು.

"ಅರಿಶಿನ ಕುಂಕುಮ ಇಟ್ಟು ನೆಟ್ಟಿರೋದು ಸ್ವಾಮಿ" ಎಂದಳು. "ನನ್ನ ಕೈಯಾರೆ ಕೀಳಕ್ಕಾಗಲ್ಲ."

ಗಂಗಕ್ಕನ ಕೈ ಒಂದು ಕ್ಷಣ ಹಾಗೆಯೇ ಇತ್ತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡಳು, ಏನೋ ಅಂಟಿದೆ ಎನ್ನುವಂತೆ. ಗಿರಿಜಾಂಬಿಕಾಳ ಮುಖವನ್ನು ಚೆನ್ನಾಗಿ ನೋಡಿದಳು. ಗಂಡನ ಪಕ್ಕಕ್ಕೆ ಹೋಗಿ ನಿಂತಳು. ಸಾಹೇಬರು ಸ್ವಲ್ಪ ಹೊತ್ತು ಕಾದು ನೋಡಿ, ಕಾಗದ ಮಡಚಿದರು. "ನಿಮ್ಮ ಊರು, ನಿಮ್ಮ ತೀರ್ಮಾನ" ಎಂದು ಎದ್ದರು. ಜೀಪು ಹೋದ ಮೇಲೆ ದೊಡ್ಡಣ್ಣ ಎಲ್ಲರಿಗೂ ಎಳನೀರು ಕೆಡವಿಸಿದ. ಗಿರಿಜಾಂಬಿಕಾಳ ಕೈಗೂ ಒಂದು ಕೊಟ್ಟರು. ಅವಳಿಗೆ ಕುಡಿಯಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹೆದರಿಕೊಂಡೇ ಹಿಂಬಾಗಿಲು ತೆಗೆದಳು. "ಎದ್ರಾ ಅಮ್ಮಾರೇ?" ಎಂದಳು ಗಂಗಕ್ಕ. ಅದೇ ದನಿ, ಅದೇ ಮಾತು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಗಂಗಕ್ಕ ಕರೆದರೆ ಬಂದಳು, ಹೇಳಿದ್ದು ಮಾಡಿದಳು, ಕೊಟ್ಟದ್ದು ತೆಗೆದುಕೊಂಡಳು. ಮಗಳ ಮಾತು ಮಾತ್ರ ಎತ್ತಲಿಲ್ಲ. ಗಿರಿಜಾಂಬಿಕಾ ತಾನಾಗಿ ಕೇಳಿದರೆ "ಚೆನ್ನಾಗವ್ಳೆ" ಎಂದು ಮುಗಿಸುತ್ತಿದ್ದಳು. ಪಂಚಾಯ್ತಿಯಲ್ಲಿ ಈಗ ಯಾವ ವಿಷಯ ಬಂದರೂ "ಮೆಂಬರಮ್ಮಾರು ಏನಂತಾರೆ?" ಎಂದು ಕೇಳುವ ರೂಢಿಯಾಗಿತ್ತು. ಆ ಹೆಸರು ಕೇಳಿದರೆ ಅವಳಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು.

ಒಂದು ದಿನ ಗಂಗಕ್ಕ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬಂದಳು. ಶೆಟ್ಟಿಕೆರೆಯಲ್ಲಿ ಗೌರಿಗೆ ಹೆಣ್ಣು ಮಗುವಾಗಿತ್ತು. ಉಳಿದುಕೊಳ್ಳಲಿಲ್ಲವೇ ಎಂದು ಗಿರಿಜಾಂಬಿಕಾ ಕೇಳಿದಳು.

"ಬೀಗ್ರ ಮನೇಲಿ ಎಷ್ಟೊತ್ತು ಅಂತ ಇರಾದು ಅಮ್ಮಾರೇ? ಮಗೀಗೆ ನೀರು ಹಾಕ್ತೀನಿ ಅಂದೆ. ಅವ್ರತ್ತೆ ಹಾಕಾಗಿತ್ತು. ನೋಡ್ಕೊಂಡು ಬಂದೆ." ಇಷ್ಟು ಹೇಳಿ ಗಂಗಕ್ಕ ಚಿಪ್ಪು ಒಡೆಯಲು ಕೂತಳು.

ಗಿರಿಜಾಂಬಿಕಾಳ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ಅವಳು. ತನ್ನ ಮೊಮ್ಮಗುವಿಗೆ ಒಂದು ಚೊಂಬು ನೀರು ಹಾಕಲು ಅವಳಿಗೆ ಜಾಗವಿಲ್ಲ. ಗಿರಿಜಾಂಬಿಕಾಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತರೆ ಹೋಗುವ ಪಾಪವಾಗಿದ್ದರೆ ಅಂದೇ ಹೋಗಬೇಕಿತ್ತು.

ಮಾರನೆಯ ದಿನ ನಡುಹಗಲಲ್ಲಿ, ಊರೆಲ್ಲ ಜಗಲಿಯ ಮೇಲೆ ಕೂತು ನೋಡುತ್ತಿದ್ದಂತೆ, ಗಿರಿಜಾಂಬಿಕಾ ಬರಿಗಾಲಲ್ಲಿ ಕಲ್ಲುಬಾರೆಗೆ ನಡೆದಳು. ರಸ್ತೆಯ ಪಕ್ಕದ ಮೊದಲ ಸಸಿಯ ಬುಡವನ್ನು ಬೆರಳಲ್ಲಿ ಕೆದಕಿ, ಎರಡೂ ಕೈಯಿಂದ ಹಿಡಿದು ಎಳೆದಳು. ಅದು ಗಟ್ಟಿಯಾಗಿ ಕಚ್ಚಿತ್ತು. ಎಳೆದೆಳೆದು, ಅಂಗೈ ಸುಲಿದು, ಕೊನೆಗೆ ಬೇರು ಪಟಪಟನೆ ಹರಿದ ಸದ್ದಿನೊಂದಿಗೆ ಮೇಲೆ ಬಂತು. ಕಾಯಿ ಸಮೇತ ಅದನ್ನು ಎದೆಗೆ ಆನಿಸಿಕೊಂಡು ಊರ ನಡುವೆಯೇ ವಾಪಸು ಬಂದಳು. ದೊಡ್ಡಣ್ಣ ಜಗಲಿಯಿಂದ ಎದ್ದುನಿಂತ. ಮುತ್ತೈದೆಯರು ಬಾಯಿಗೆ ಕೈ ಇಟ್ಟುಕೊಂಡರು. ಅವಳು ಯಾರನ್ನೂ ನೋಡಲಿಲ್ಲ. ನೇರ ಹಿತ್ತಿಲಿಗೆ ಹೋಗಿ ಗಂಗಕ್ಕನ ಮುಂದೆ ಸಸಿಯನ್ನು ಇಟ್ಟಳು.

"ಕಿತ್ತೆ ಗಂಗಕ್ಕ" ಎಂದಳು, ಏದುಸಿರು ಬಿಡುತ್ತಾ. "ನಾನೇ ಕಿತ್ತೆ. ಅಲ್ಲಿ ಸಸಿ ನೆಡಿ ಅಂತ ಹೇಳಿಕೊಟ್ಟಿದ್ದೂ ನಾನೇ. ಬೇರೆ ಕಡೆ ಜಾಗ ಕೊಡ್ತಾರೆ ಅಂದಿದ್ದೂ ಸುಳ್ಳು. ನಾಳೆ ತಿಪಟೂರಿಗೆ ಹೋಗಿ ಸಾಹೇಬ್ರಿಗೆ ಹೇಳ್ತೀನಿ."

ಗಂಗಕ್ಕ ಕೈಯಲ್ಲಿದ್ದ ಕೊಬ್ಬರಿಯನ್ನು ಕುಕ್ಕೆಗೆ ಹಾಕಿ, ಎದ್ದು ಬಂದು, ಸಸಿಯ ಬುಡ ತಿರುಗಿಸಿ ನೋಡಿದಳು. ಅರ್ಧ ಬೇರು ಹರಿದುಹೋಗಿತ್ತು.

"ಸಾಹೇಬ್ರು ಎಲ್ಲವ್ರೆ ಅಮ್ಮಾರೇ? ಆ ಸೈಟು ಬೇರೆ ಊರೋರಿಗೆ ಹಂಚಾಯ್ತು. ಅವ್ರಾಗ್ಲೇ ಗೋಡೆ ಎತ್ತಾವ್ರೆ, ಬಸ್ಸಿಂದ ಕಂಡ್ತು" ಎಂದಳು. ಸಿಟ್ಟಿನ ದನಿಯಲ್ಲ, ಆಯಾಸದ್ದು. "ನೀವು ಹೇಳಿಕೊಟ್ಟಿದ್ದು ಅಂತ ಅವತ್ತೇ ತಿಳೀತು ನಂಗೆ, ನಿಮ್ ಮಕ ನೋಡ್ದಾಗ. ಅವತ್ತು ಕಿತ್ತಿದ್ರೆ ಒಂದು ಮನೆ ಆಯ್ತಿತ್ತು. ಇವತ್ತು ಇದನ್ನ ಯಾಕೆ ಕಿತ್ರಿ? ಇದೇನು ಮಾಡಿತ್ತು ನಿಮ್ಗೆ?"

ಗಿರಿಜಾಂಬಿಕಾ ಸುಲಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ತನ್ನ ಎದೆಯ ಭಾರ ಇಳಿಸಿಕೊಳ್ಳಲು ಕಿತ್ತದ್ದು, ಅಷ್ಟೇ. ಗಂಗಕ್ಕನಿಗೆ ಅದರಿಂದ ಒಂದು ಗೇಣು ನೆಲವೂ ಬರುವಂತಿರಲಿಲ್ಲ.

ಗಂಗಕ್ಕ ಮೂಲೆಯಲ್ಲಿದ್ದ ಗುದ್ದಲಿ ತಂದಳು. ತನ್ನ ಮಾಡಿನ ಮುಂದೆ, ಒಲೆಯ ಕಲ್ಲುಗಳಿಂದ ಸ್ವಲ್ಪ ಈಚೆಗೆ, ನೆಲ ಅಗೆಯತೊಡಗಿದಳು.

"ಎಲ್ಲಿ ನೆಡ್ತೀಯ?" ಎಂದು ಗಿರಿಜಾಂಬಿಕಾ ಕೇಳಿದಳು.

"ಇಲ್ಲೇ. ನಮ್ ಬಾಗ್ಲಾಗೆ. ಇನ್ನೆಲ್ಲಿಗೋಗ್ತೀವಿ ನಾವು? ಇದು ಫಲ ಬಿಡಗಂಟ ಇಲ್ಲೇ ತಾನೇ ಇರಾದು." ಗುಂಡಿ ಹದವಾದ ಮೇಲೆ ಬೆವರು ಒರೆಸಿಕೊಂಡು ಹೇಳಿದಳು. "ಬನ್ನಿ, ನೆಟ್ಟಗೆ ಹಿಡ್ಕಳಿ. ಮಣ್ಣೆಳೀತೀನಿ."

ಗಿರಿಜಾಂಬಿಕಾ ಕುಕ್ಕರಗಾಲಲ್ಲಿ ಕೂತು ಸಸಿಯನ್ನು ಗುಂಡಿಯೊಳಗೆ ಹಿಡಿದಳು. ಗಂಗಕ್ಕ ಎಲ್ಲಿಗೂ ಹೋಗಬಾರದು ಎಂದು ಅವಳು ಬಯಸಿದ್ದಳು. ಗಂಗಕ್ಕ ಎಲ್ಲಿಗೂ ಹೋಗುವುದಿಲ್ಲ. ಮಣ್ಣು ಬಿದ್ದಂತೆಲ್ಲ ಅವಳ ಕೈ ನಡುಗತೊಡಗಿ, ಸುಳಿಯೂ ಅದರ ಜೊತೆಗೆ ನಡುಗಿತು.

"ಅಲ್ಲಾಡಿಸ್ಬ್ಯಾಡಿ ಅಮ್ಮಾರೇ" ಎಂದಳು ಗಂಗಕ್ಕ, ಬುಡದ ಮಣ್ಣನ್ನು ಬರಿಗಾಲಲ್ಲಿ ತುಳಿಯುತ್ತಾ. "ಬೇರು ಕೂರಾಕಿಲ್ಲ."